ಹತ್ತು ಸೆಂಟಿಮೀಟರ್

ಈ ತಿಂಗಳು ಬಂದ ಪತ್ರಗಳಲ್ಲಿ ಒಂದಕ್ಕೆ ಎರಡು ಸಾಲಿನ ಉತ್ತರ ಸಾಲದು ಅನ್ನಿಸಿತು. ಹೊಸನಗರ ತಾಲೂಕಿನ ಒಬ್ಬ ತಾಯಿ ಬರೆದ ಪತ್ರ ಅದು. ಹೆಸರು ಬೇಡ ಅಂದಿದ್ದಾರೆ. ಮುಖ್ಯ ಭಾಗ ಹೀಗಿದೆ:

"ಕಳೆದ ಸಂಚಿಕೆಯಲ್ಲಿ ಒಬ್ಬ ಪ್ಯಾರಾ ಓಟಗಾರ್ತಿಯ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ನಮ್ಮ ಓರಗಿತ್ತಿಗೆ ಓದಿ ಕಣ್ಣಲ್ಲಿ ನೀರು ಬಂತಂತೆ. ನನಗೆ ಸಿಟ್ಟು ಬಂತು. ನನ್ನ ಮಗಳಿಗೆ 11 ವರ್ಷ. ಹುಟ್ಟುವಾಗಲೇ ಎಡಗೈ ಮೊಣಕೈಯಿಂದ ಕೆಳಗೆ ಇಲ್ಲ. ತೋಟದ ಬಸಿಗಾಲುವೆ ಹಾರುವುದರಲ್ಲಿ ಅವಳು ತನ್ನ ಅಣ್ಣನನ್ನೂ ಮೀರಿಸುತ್ತಾಳೆ. ಆದರೆ ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಅವಳನ್ನು ಸ್ಕೋರ್ ಬರೆಯಲು ಕೂರಿಸುತ್ತಾರೆ. 'ಪಾಪ, ಬಿದ್ದರೆ ಕಷ್ಟ' ಅನ್ನುತ್ತಾರೆ. ವಾರ್ಷಿಕೋತ್ಸವದ ದಿನ ಮಾತ್ರ ವೇದಿಕೆಗೆ ಕರೆದು ಎಲ್ಲರ ಕೈಲಿ ಚಪ್ಪಾಳೆ ಹೊಡೆಸುತ್ತಾರೆ. ನಿಮ್ಮ ಲೇಖನವೂ ಹಾಗೇ ಇತ್ತು. ಆ ಹುಡುಗಿ ಎಷ್ಟು ಮೀಟರ್ ಓಡುತ್ತಾಳೆ, ಎಷ್ಟು ಸೆಕೆಂಡಿನಲ್ಲಿ ಓಡುತ್ತಾಳೆ, ಎಲ್ಲೂ ಇಲ್ಲ. ನನ್ನ ಮಗಳು ನನ್ನನ್ನು ಕೇಳಿದ್ದು ಅದೊಂದನ್ನೇ. ಇವಳನ್ನು ಆಟಕ್ಕೆ ಹಾಕಲೋ ಬೇಡವೋ, ಹೇಳಿ."

ಅಮ್ಮಾ, ನಮಸ್ಕಾರ.

ನಿಮ್ಮ ಪತ್ರ ಬಂದ ದಿನವೇ ಆ ಲೇಖನವನ್ನು ಮತ್ತೆ ತೆಗೆದು ಓದಿದೆ. ಎರಡು ಪುಟ. 'ಸ್ಫೂರ್ತಿ' ಅನ್ನುವ ಮಾತು ಒಂಬತ್ತು ಸಲ ಬಂದಿದೆ. ಓಟದ ಸಮಯ ಒಂದು ಸಲವೂ ಬಂದಿಲ್ಲ. ಅಚ್ಚಿಗೆ ಹೋಗುವ ಮೊದಲು ಅದನ್ನು ಕೊನೆಯದಾಗಿ ನೋಡಿದ್ದು ನಾನೇ. ಬೇರೆ ಯಾರ ಕಣ್ಣು ತಪ್ಪಿದರೂ ನನ್ನ ಕಣ್ಣು ತಪ್ಪಬಾರದಿತ್ತು. ಯಾಕೆ ಅಂತ ಹೇಳುತ್ತೇನೆ. ಉತ್ತರ ಸ್ವಲ್ಪ ಉದ್ದವಾಗುತ್ತದೆ.

ನಾನು ಬೆಳೆದದ್ದು ತೀರ್ಥಹಳ್ಳಿ ಹತ್ತಿರ, ತುಂಗೆಯ ಆಚೆ ದಡದಲ್ಲಿ. ನಮ್ಮ ಕಡೆ ಪಕ್ಕದ ಮನೆ ಅಂದರೆ ಒಂದು ಕೂಗಿನ ದೂರ, ನಿಮಗೆ ಗೊತ್ತೇ ಇದೆ. ನಮ್ಮ ಮನೆಗೂ ಆ ಮನೆಗೂ ನಡುವೆ ಒಂದು ಅಡಿಕೆ ತೋಟ, ಒಂದು ಹಳ್ಳ, ಹಳ್ಳ ದಾಟಲು ಒಂದು ಸಂಕ, ಅಂದರೆ ಕಾಲುಸೇತುವೆ. ಆ ಮನೆಯ ಹಿರಿಯ ಮಗನನ್ನು ನಾವು ಮಕ್ಕಳೆಲ್ಲ ಅಣ್ಣಯ್ಯ ಅನ್ನುತ್ತಿದ್ದೆವು. ಅವರಿಗೆ ಬಲಗಾಲಿನಲ್ಲಿ ಶಕ್ತಿಯೇ ಇರಲಿಲ್ಲ. ಎಡಗಾಲಿನಲ್ಲಿ ಅರ್ಧ ಇತ್ತು. ಎರಡು ಊರುಗೋಲಿನ ಮೇಲೆ ಓಡಾಡುತ್ತಿದ್ದರು. ಸಂಕಕ್ಕೆ ಅವರ ಅಪ್ಪ ಅಡಿಕೆ ದಬ್ಬೆಯ ಕೈಹಿಡಿಕೆ ಕಟ್ಟಿಸಿದ್ದರು. ಮಳೆಗಾಲದಲ್ಲಿ ಅದನ್ನು ಹಿಡಿದು ದಾಟುತ್ತಿದ್ದದ್ದು ಅಣ್ಣಯ್ಯ ಒಬ್ಬರೇ ಅಲ್ಲ. ಊರಿಗೆ ಊರೇ ಹಿಡಿಯುತ್ತಿತ್ತು.

ಎರಡು ವರ್ಷದ ಮಗುವಾಗಿದ್ದಾಗ ಜ್ವರ ಬಂತಂತೆ. ಸೂಜಿ ಹಾಕಿಸಿದರು. ಮೂರನೇ ದಿನ ಕಾಲು ಎತ್ತಲಿಲ್ಲ. ಸೂಜಿ ಹಾಕಿಸಿದ್ದಕ್ಕೇ ಹೀಗಾಯಿತು ಅಂತ ಅವರ ಅಮ್ಮ ಕೊನೆಯವರೆಗೂ ಕೊರಗಿದರು. ಅದು ಪೋಲಿಯೊ. ಅದರ ವೈರಸ್ ಬೆನ್ನುಹುರಿಗೆ ಇಳಿದು, ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ವೈರಸ್ ಮೈಯಲ್ಲಿ ಇರುವಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಆ ಕಾಲಿಗೇ ಪೆಟ್ಟು ಬೀಳುವ ಸಂಭವ ಜಾಸ್ತಿ. ಆದರೆ ಜ್ವರದ ಮಗುವಿನ ಮೈಯಲ್ಲಿ ಏನಿದೆ ಅಂತ ಯಾವ ತಾಯಿಗೆ ಗೊತ್ತಾಗುತ್ತದೆ? ಆ ಅಮ್ಮನಿಗೆ ಇದನ್ನು ಕೂರಿಸಿಕೊಂಡು ಹೇಳುವವರು ಯಾರೂ ಇರಲಿಲ್ಲ. ನಮ್ಮ ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. ಈಗಿನ ಮಕ್ಕಳು ಅಂಥ ಕಾಲನ್ನು ನೋಡಿಯೇ ಇಲ್ಲ. ಒಳ್ಳೆಯದೇ ಆಯಿತು.

ಪೋಲಿಯೊದಲ್ಲಿ ಚಲನೆ ಹೋಗುತ್ತದೆ, ಸ್ಪರ್ಶ ಹೋಗುವುದಿಲ್ಲ. ಇದನ್ನು ನಾನು ತಿಳಿದದ್ದು ಉಂಬಳದಿಂದ, ಅಂದರೆ ಜಿಗಣೆಯಿಂದ. ಆಷಾಢದ ಮಳೆಯಲ್ಲಿ ತೋಟ ದಾಟಿ ಬರುವಾಗ ಉಂಬಳ ಹತ್ತಿದರೆ ನಾವು ಕಾಲು ಝಾಡಿಸುತ್ತಿದ್ದೆವು. ಅಣ್ಣಯ್ಯನಿಗೆ ಕಚ್ಚಿದ್ದು ಗೊತ್ತಾಗುತ್ತಿತ್ತು, ಝಾಡಿಸಲು ಆಗುತ್ತಿರಲಿಲ್ಲ. ಜಗಲಿಗೆ ಬಂದು ಕೂತು, "ಬಲಗಾಲು, ಮೊಣಕಾಲಿನ ಹಿಂದೆ ಒಂದು, ಹಿಮ್ಮಡಿ ಹತ್ರ ಎರಡು" ಅಂತ ನೋಡದೆಯೇ ಹೇಳುತ್ತಿದ್ದರು. ನಾನು ಸುಣ್ಣ ಹಚ್ಚಿ ತೆಗೆಯುತ್ತಿದ್ದೆ. ಲೆಕ್ಕ ಒಂದು ಸಲವೂ ತಪ್ಪಿದ್ದಿಲ್ಲ.

ಲೆಕ್ಕ ಅವರ ಕಸುಬು. ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಯಾವ ಚೀಲ ಎಷ್ಟು ತೂಗಿತು, ಯಾವುದು ರಾಶಿ ಇಡಿ, ಯಾವುದು ಬೆಟ್ಟೆ, ಯಾವುದು ಗೊರಬಲು ಅಂತ ಅಡಿಕೆಯ ದರ್ಜೆ ಸಮೇತ ಬೆಳಿಗ್ಗೆಯಿಂದ ಸಂಜೆಯವರೆಗೆ ಬರೆಯುವುದೇ ಕೆಲಸ. ಅವರ ಅಕ್ಷರ ಮುತ್ತಿನ ಹಾಗೆ ಇರುತ್ತಿತ್ತು. ಅಣ್ಣಯ್ಯ ಬರೆದ ತೂಕಕ್ಕೆ ಯಾವ ರೈತನೂ ತಕರಾರು ತೆಗೆಯುತ್ತಿರಲಿಲ್ಲ.

1983ರ ಹೊತ್ತಿಗೆ ಅವರು ಬೆಂಗಳೂರಿನ ನೆಂಟರ ಮನೆಗೆ ಹೋದಾಗ ಅಂಗವಿಕಲರ ಒಂದು ಕ್ರೀಡಾಕೂಟ ನೋಡಿ ಬಂದರು. ಅಲ್ಲಿ ಒಬ್ಬರು ಕುರ್ಚಿಯ ಮೇಲೆ ಕೂತು ಗುಂಡು ಎಸೆದರಂತೆ. ಬಂದವರೇ ಹೊಳೆಗೆ ಹೋದರು. ನಮ್ಮನ್ನು ನೀರಿಗೆ ಇಳಿಸಿ ಗುಂಡುಕಲ್ಲು ಆರಿಸಲು ಹಚ್ಚಿದರು. ಹತ್ತಿಪ್ಪತ್ತು ಕಲ್ಲು ಬೇಡ ಅಂದ ಮೇಲೆ ಒಂದು ಒಪ್ಪಿಗೆಯಾಯಿತು. ಮಂಡಿಯ ತಕ್ಕಡಿಯಲ್ಲಿ ಇಟ್ಟರೆ ನಾಲ್ಕು ಕಿಲೋ ಮೇಲೆ ಮುನ್ನೂರು ಗ್ರಾಂ. ಕಲ್ಲುಕುಟಿಗರೊಬ್ಬರು ಅದನ್ನು ಎರಡು ಸಂಜೆ ಕೂತು ಕೆತ್ತಿ, ಸರಿಯಾಗಿ ನಾಲ್ಕು ಕಿಲೋಗೆ ಇಳಿಸಿಕೊಟ್ಟರು. ಇವತ್ತಿಗೂ ಕೂತು ಎಸೆಯುವ ಎಫ್57 ವರ್ಗದ ಗಂಡಸರಿಗೆ ಗುಂಡಿನ ತೂಕ ನಾಲ್ಕು ಕಿಲೋನೇ.

ನಿಂತು ಎಸೆಯುವವರಿಗೆ ಶಕ್ತಿ ಕಾಲಿನಿಂದ ಹೊರಟು ಸೊಂಟ, ಬೆನ್ನು, ಭುಜ ದಾಟಿ ಬೆರಳ ತುದಿಗೆ ಬರುತ್ತದೆ. ಕೂತವರಿಗೆ ಆ ದಾರಿಯ ಮೊದಲ ಅರ್ಧವೇ ಇಲ್ಲ. ಉಳಿದದ್ದು ಸೋರಿ ಹೋಗಬಾರದು ಅಂದರೆ ಕುರ್ಚಿ ಒಂದು ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕೇ ಕುರ್ಚಿಯನ್ನು ನೆಲಕ್ಕೆ ಬಿಗಿದು ಕಟ್ಟುತ್ತಾರೆ. ಎಸೆಯದ ಕೈಗೆ ಹಿಡಿದುಕೊಳ್ಳಲು ಒಂದು ಕಂಬ ಇರುತ್ತದೆ. ಈಗ ಆಸನದ ಎತ್ತರ 75 ಸೆಂಟಿಮೀಟರ್ ಮೀರಬಾರದು ಅಂತ ನಿಯಮವಿದೆ. ಗುಂಡು ಕೈ ಬಿಡುವವರೆಗೆ ಕೂತಲ್ಲಿಂದ ಏಳುವ ಹಾಗಿಲ್ಲ. ನಮ್ಮ ಅಂಗಳದಲ್ಲಿ ಇದೆಲ್ಲ ಹೇಗಾಯಿತು ಅಂದರೆ, ಹಳೇ ಹಲಸಿನ ಮರದ ಕುರ್ಚಿ, ನಾಲ್ಕು ಗೂಟ, ಬಾವಿಯ ಹಗ್ಗ. ಹಗ್ಗ ಒಣಗಿದ್ದರೆ ಹಿಗ್ಗುತ್ತದೆ ಅಂತ ನೀರು ಹಾಕಿ ಬಿಗಿಯುತ್ತಿದ್ದೆವು. ಎಡಗೈಗೆ ಬೈನೆ ಮರದ ಒಂದು ಕಂಬ.

ನನ್ನ ಕೆಲಸ ಟೇಪು ಹಿಡಿಯುವುದು.

ಬಟ್ಟೆಯ ಟೇಪು ಅದು, ಮಂಡಿಯ ಯಜಮಾನರು ಕೊಟ್ಟದ್ದು. ಸೊನ್ನೆಯ ತುದಿಯನ್ನು ಗುಂಡು ಬಿದ್ದ ಗುಳಿಯ ಹತ್ತಿರ ನಾನು ಹಿಡಿಯಬೇಕು. ಇನ್ನೊಂದು ತುದಿ ಕುರ್ಚಿಯ ಮುಂದಿನ ಗೆರೆಯ ಮೇಲೆ, ನನ್ನ ತಮ್ಮನ ಕೈಯಲ್ಲಿ. ಗುಳಿಯ ನಡುವಿನಿಂದ ಅಲ್ಲ, ಕುರ್ಚಿಗೆ ಹತ್ತಿರದ ಅಂಚಿನಿಂದ ಅಳೆಯಬೇಕು. ಸೆಂಟಿಮೀಟರಿನ ಚೂರು ಬಂದರೆ ಕೆಳಕ್ಕೆ ಇಳಿಸಬೇಕು, ಮೇಲಕ್ಕೆ ಏರಿಸಬಾರದು. "ಎಷ್ಟಾತೋ?" ಅಂತ ಅವರು ಕೇಳುವುದು, ನಾವು ಕೂಗುವುದು. ಅವರು ಅದನ್ನು ಒಂದು ಮಂಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ತಾರೀಖು, ಬಿಸಿಲೋ ಮೋಡವೋ, ಆರು ಎಸೆತ, ಆರು ಅಳತೆ. ಹೊಗಳಿಕೆ, ಬೇಜಾರು ಯಾವುದೂ ಆ ಪುಸ್ತಕದಲ್ಲಿ ಇಲ್ಲ.

1984ರ ಮೇ ತಿಂಗಳು. ನನಗೆ ಹತ್ತು ವರ್ಷ. ಅಣ್ಣಯ್ಯ ಏಳು ಮೀಟರ್ ದಾಟಬೇಕು ಅಂತ ಎರಡು ತಿಂಗಳಿಂದ ಒದ್ದಾಡುತ್ತಿದ್ದರು. 6.80, 6.91, 6.87. ಮಳೆ ಹಿಡಿದರೆ ಅಕ್ಟೋಬರ್‌ವರೆಗೆ ಅಂಗಳಕ್ಕೆ ಇಳಿಯುವ ಹಾಗಿಲ್ಲ. ಅವತ್ತು ಸಂಜೆ ಐದನೇ ಎಸೆತ ಚೆನ್ನಾಗಿ ಹೋಯಿತು. ಟೇಪು ಎಳೆದು ನೋಡಿದರೆ 6 ಮೀಟರ್ 98. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವರ ಮುಖ ನೋಡಿದೆ. ಸೊನ್ನೆಯ ತುದಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದೆ. "ಏಳು ಮೀಟರ್ ಎಂಟು!" ಅಂತ ತಮ್ಮ ಕೂಗಿದ. ನಾನು ಕುಣಿದೆ.

ಅಣ್ಣಯ್ಯ ಹಗ್ಗ ಬಿಚ್ಚಿಸಿಕೊಂಡರು. ಊರುಗೋಲು ತರಿಸಿಕೊಂಡರು. ಅಂಗಳ ದಾಟಿ ಗುಳಿಯವರೆಗೆ ಬಂದರು. ಗುಳಿ ನೋಡಿದರು, ನನ್ನ ಬೆರಳು ನೋಡಿದರು. "ಮತ್ತೆ ಅಳಿ" ಅಂದರು. 6.98. ಸುಮ್ಮನೆ ಹೋಗಿ ಪುಸ್ತಕದಲ್ಲಿ 6.98 ಅಂತ ಬರೆದರು. ಆಮೇಲೆ ನನ್ನನ್ನು ಹತ್ತಿರ ಕರೆದು ಕೇಳಿದರು, "ಹತ್ತು ಸೆಂಟಿಮೀಟರ್ ದಾನ ಕೊಡ್ತೀಯೇನೋ ನಂಗೆ?"

ಬೈದಿದ್ದರೆ ಮರೆತುಹೋಗುತ್ತಿತ್ತು. ಬೈಯಲಿಲ್ಲ. ನಾನು ಅತ್ತೆ. ಪ್ರೀತಿಯಿಂದಲೇ ಮಾಡಿದ್ದೆ, ಅದು ಅವರಿಗೂ ಗೊತ್ತಿತ್ತು. ಆದರೆ ಅವತ್ತು ರಾತ್ರಿ ನನಗೆ ಹೊಳೆದದ್ದು ಬೇರೆ. ನನ್ನ ತಮ್ಮ ಎಸೆದಿದ್ದರೆ ನಾನು ಒಂದು ಸೆಂಟಿಮೀಟರೂ ಬಿಟ್ಟುಕೊಡುತ್ತಿರಲಿಲ್ಲ. ಜಗಳ ಆಡುತ್ತಿದ್ದೆ. ಅಣ್ಣಯ್ಯನಿಗೆ ಮಾತ್ರ ಬಿಟ್ಟುಕೊಟ್ಟೆ. ಅಂದರೆ ಅವರನ್ನು ನಾನು ಆಟದ ಒಳಗೆ ಸೇರಿಸಿಯೇ ಇರಲಿಲ್ಲ.

ಮಳೆ ನಿಂತ ಮೇಲೆ, ನವೆಂಬರಿನಲ್ಲಿ ಅವರು 7.03 ಎಸೆದರು. ನನ್ನ ಕೈಲಿ ಮೂರು ಸಲ ಅಳೆಸಿದರು. ಮೂರು ಸಲವೂ 7.03.

ಅದೇ ವರ್ಷದ ಆಗಸ್ಟಿನಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನಡೆದಿತ್ತು. 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ತಪ್ಪಿತು. ನಮ್ಮ ಊರಿನ ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ಆ ನೂರನೇ ಒಂದು ಭಾಗ ಎಲ್ಲರ ಬಾಯಲ್ಲೂ ಇತ್ತು. ಅದಕ್ಕೆ ಕೆಲವೇ ವಾರ ಮೊದಲು, ಅದೇ 1984ರ ಪ್ಯಾರಾಲಿಂಪಿಕ್ಸ್‌ನಲ್ಲಿ ಜೋಗಿಂದರ್ ಸಿಂಗ್ ಬೇಡಿ ಒಬ್ಬರೇ ಮೂರು ಪದಕ ಗೆದ್ದಿದ್ದರು. ಗುಂಡು ಎಸೆತದಲ್ಲಿ ಬೆಳ್ಳಿ, ಚಕ್ರ ಎಸೆತ ಮತ್ತು ಜಾವೆಲಿನ್‌ನಲ್ಲಿ ಕಂಚು. ಭೀಮರಾವ್ ಕೇಸರ್ಕರ್ ಜಾವೆಲಿನ್‌ನಲ್ಲಿ ಬೆಳ್ಳಿ ತಂದಿದ್ದರು. ಅದಕ್ಕೂ 12 ವರ್ಷ ಹಿಂದೆ, 1972ರಲ್ಲೇ, ಮುರಳಿಕಾಂತ್ ಪೇಟ್ಕರ್ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದಾಗಿತ್ತು. ದಿನಾ ಸಂಜೆ ಗುಂಡು ಎಸೆಯುತ್ತಿದ್ದ ಅಣ್ಣಯ್ಯನ ಕಿವಿಗೆ ಇದು ಒಂದೂ ಬಿದ್ದಿರಲಿಲ್ಲ. ಗುಂಡು ಎಸೆತದಲ್ಲೇ ಈ ದೇಶದವರೊಬ್ಬರು ಬೆಳ್ಳಿ ಗೆದ್ದಿದ್ದಾರೆ ಅಂತ ಯಾರಾದರೂ ಹೇಳಿದ್ದರೆ ಅವರು ಆ ದೂರವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳುತ್ತಿದ್ದರು. ಪತ್ರಿಕೆ ನಡೆಸುವವನಾಗಿ ನನ್ನನ್ನು ಈಗಲೂ ಚುಚ್ಚುವ ಸಂಗತಿ ಇದು.

ಮರುವರ್ಷ ಒಂದು ಶಾಲೆಯವರು ಕ್ರೀಡಾ ದಿನಕ್ಕೆ ಅವರನ್ನು ಅತಿಥಿಯಾಗಿ ಕರೆದರು. ಯಾವ ಶಾಲೆ ಅನ್ನುವುದು ಬೇಡ. ಅಣ್ಣಯ್ಯ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡರು. ಬಟ್ಟೆಯ ಕೈಚೀಲದಲ್ಲಿ ಗುಂಡು ಇಟ್ಟುಕೊಂಡರು. ಚೀಲ ಹೊತ್ತದ್ದು ನಾನು. ಗೂಟ, ಹಗ್ಗ ತಮ್ಮನ ಹೆಗಲ ಮೇಲೆ. ಮಕ್ಕಳ ಮುಂದೆ ಎಸೆದು ತೋರಿಸುವುದು ಅಂತ ಅವರು ತಿಳಿದಿದ್ದರು. ಅಲ್ಲಿ ವೇದಿಕೆಯ ಮೇಲೆ ಕೂರಿಸಿದರು. ಹಾರ ಹಾಕಿದರು. ಒಬ್ಬರು ಭಾಷಣ ಮಾಡಿ, ದೇವರು ಇವರ ಕಾಲು ಕಿತ್ತುಕೊಂಡರೂ ಮನಸ್ಸು ಕಿತ್ತುಕೊಳ್ಳಲಿಲ್ಲ ಅಂದರು. ದೊಡ್ಡ ಚಪ್ಪಾಳೆ. ಆಮೇಲೆ ಮಕ್ಕಳ ಓಟ, ಲೆಮನ್ ಸ್ಪೂನ್, ಹಗ್ಗಜಗ್ಗಾಟ, ಬಹುಮಾನ, ಮುಗಿಯಿತು. ಗುಂಡು ಚೀಲದಲ್ಲೇ ಉಳಿಯಿತು. ಯಾರಿಗೂ ಕೆಟ್ಟ ಮನಸ್ಸು ಇರಲಿಲ್ಲ. ಎಷ್ಟು ದೂರ ಎಸೆಯುತ್ತೀರಿ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ಬರುವಾಗ ದಾರಿಯಲ್ಲಿ ಅವರು ಮಾತಾಡಲಿಲ್ಲ. ಮನೆಗೆ ಬಂದಾಗ ಕತ್ತಲಾಗುತ್ತಿತ್ತು. ಶರಟು ಬಿಚ್ಚಿ ದಣಪೆಗೆ ನೇತು ಹಾಕಿ, "ಟೇಪು ತಗೊಂಡು ಬಾ" ಅಂದರು. ಅವರ ಅಮ್ಮ ಲಾಟೀನು ಹಿಡಿದು ನಿಂತರು. ಆರು ಎಸೆತ. ಅತಿ ದೂರ ಹೋದದ್ದು 6.81. ಪುಸ್ತಕದಲ್ಲಿ ಆ ದಿನದ ಸಾಲು ಇದೆ. "ಲಾಟೀನು" ಅಂತ ಬರೆದಿದ್ದಾರೆ, ಬೇರೆ ಏನೂ ಇಲ್ಲ.

1986ರಲ್ಲಿ ಬೆಂಗಳೂರಿಗೆ ಹೋಗಿ 7.44 ಎಸೆದು ಮೂರನೆಯವರಾದರು. ಒಂದು ಸ್ಟೀಲ್ ಕಪ್ ಕೊಟ್ಟರು. ಅವರ ಅಮ್ಮ ಅದರಲ್ಲಿ ದಿನಾ ತುಳಸಿಗೆ ನೀರು ಹಾಕುತ್ತಿದ್ದರು. ಅವತ್ತು ಪೋಲಿಯೊದವರು, ಕಾಲು ಕಳೆದುಕೊಂಡವರು, ಬೆನ್ನುಹುರಿ ಪೆಟ್ಟಾದವರು ಎಲ್ಲ ಒಂದೇ ಸಾಲಿನಲ್ಲಿ ಇದ್ದರಂತೆ. "ಬೆಟ್ಟೆನೂ ಗೊರಬಲೂ ಒಂದೇ ರಾಶಿಗೆ ಹಾಕಿ ದರ ಕಟ್ಟಿದ ಹಾಗೆ" ಅಂದಿದ್ದರು ಅಣ್ಣಯ್ಯ. ಅವರ ಜೀವನದ ಅತಿ ದೊಡ್ಡ ಎಸೆತ 1988ರಲ್ಲಿ, ನಮ್ಮ ಅಂಗಳದಲ್ಲೇ, 8.06 ಮೀಟರ್.

2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಾಗಾಲ್ಯಾಂಡಿನ ಹೊಕಾಟೊ ಸೆಮಾ ಎಫ್57 ಗುಂಡು ಎಸೆತದಲ್ಲಿ ಕಂಚು ಗೆದ್ದರು. ನೆಲಬಾಂಬಿಗೆ ಕಾಲು ಕಳೆದುಕೊಂಡ ಯೋಧ ಅವರು. ದೂರ 14.65 ಮೀಟರ್. ನಾನು ಪುಸ್ತಕ ತೆಗೆದು ಪಕ್ಕದಲ್ಲಿ ಇಟ್ಟು ನೋಡಿದೆ. ಅಣ್ಣಯ್ಯನದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಹೀಗೆ ಹೋಲಿಸಿದರೆ ಅವರಿಗೆ ಅವಮಾನ ಅಂತ ಕೆಲವರು ಅಂದಾರು. ಅಣ್ಣಯ್ಯ ಇದ್ದಿದ್ದರೆ ಆ ವಿಡಿಯೊವನ್ನು ನೂರು ಸಲ ಹಾಕಿಸಿ, ಕುರ್ಚಿ ಹೇಗೆ ಕಟ್ಟಿದ್ದಾರೆ ಅಂತ ನೋಡುತ್ತಿದ್ದರು.

ಅವರು ಎಸೆಯುವುದನ್ನು ನಿಲ್ಲಿಸಿದ್ದು 1993ರಲ್ಲಿ, ಭುಜದ ನೋವಿನಿಂದ. ಊರುಗೋಲಿನವರಿಗೆ ಭುಜವೇ ಕಾಲು. ಮೈಯ ಭಾರವೆಲ್ಲ ಅದರ ಮೇಲೆ. ಗುಂಡಿಗೆ ಖರ್ಚು ಮಾಡಿದರೆ ನಡೆಯಲು ಉಳಿಯುವುದಿಲ್ಲ. ನಡೆಯುವುದನ್ನು ಉಳಿಸಿಕೊಂಡರು. ತೀರಿಕೊಂಡು ಈಗ ಹತ್ತು ವರ್ಷ ದಾಟಿತು. ಪುಸ್ತಕ ನನ್ನ ಹತ್ತಿರ ಇದೆ.

ಈಗ ನಿಮ್ಮ ಪ್ರಶ್ನೆ. ಹಾಕಿ, ಅಮ್ಮ. ಖಂಡಿತ ಹಾಕಿ.

ಶಾಲೆಯವರ ಹತ್ತಿರ ಮಾತಾಡುವಾಗ ಬೇಡಿಕೊಳ್ಳುವ ಅಗತ್ಯವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಕಲಂ ನೋಡಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಎಲ್ಲ ಶಾಲೆಗಳೂ ಅಂಗವಿಕಲ ಮಕ್ಕಳಿಗೆ ಪಾಠದ ಜೊತೆ ಆಟದಲ್ಲೂ ಇತರರ ಸಮಾನ ಅವಕಾಶ ಕೊಡಬೇಕು ಅಂತ ಅದರಲ್ಲಿದೆ. ಮೊದಲು ಪಿ.ಟಿ. ಮೇಷ್ಟ್ರ ಹತ್ತಿರ ಒಳ್ಳೆ ಮಾತಿನಲ್ಲಿ ಹೇಳಿ. ಎಷ್ಟೋ ಸಲ ಅವರಿಗೆ ಇರುವುದು ಭಯ ಅಷ್ಟೇ. ಬಿದ್ದರೆ ನಮ್ಮ ತಲೆಗೆ ಬರುತ್ತದೆ ಅನ್ನುವ ಭಯ. ಉಳಿದ ಮಕ್ಕಳು ಬೀಳುವುದಿಲ್ಲವೇ ಅಂತ ಕೇಳಿ. ಸ್ಕೋರ್ ಬರೆಯುವುದು ಒಳ್ಳೆ ಕೆಲಸವೇ, ಆದರೆ ಸರದಿಯ ಮೇಲೆ ಎಲ್ಲರೂ ಬರೆಯಲಿ.

ಓಟ ಮತ್ತು ಉದ್ದಜಿಗಿತದಲ್ಲಿ ಅವಳಂಥವರು ಸಾಮಾನ್ಯವಾಗಿ ಟಿ46 ಅಥವಾ ಟಿ47 ವರ್ಗಕ್ಕೆ ಬರುತ್ತಾರೆ. ಯಾವುದು ಅಂತ ಕೂಟದಲ್ಲಿ ಪರೀಕ್ಷೆ ಮಾಡಿ ಹೇಳುತ್ತಾರೆ. ಒಂದು ಕೈ ಹಗುರ ಇದ್ದರೆ ಓಡುವಾಗ ಮೈ ಒಂದು ಕಡೆ ತಿರುಗುತ್ತದೆ. ಅದಕ್ಕೆ ಬೆನ್ನು, ಹೊಟ್ಟೆ, ಭುಜದ ವ್ಯಾಯಾಮ ಬೇಕು. ಬಗ್ಗಿ ಓಟ ಶುರು ಮಾಡುವಾಗ ಮೊಂಡು ಕೈಗೆ ಒರಗಲು ಒಂದು ಸಣ್ಣ ಮರದ ದಿಮ್ಮಿ ಇಟ್ಟುಕೊಳ್ಳುತ್ತಾರೆ, ನಿಮ್ಮ ಬಡಗಿಯೇ ಮಾಡಿಕೊಡುತ್ತಾರೆ. ಬಸಿಗಾಲುವೆ ಹಾರುವುದು ಸಾಕು, ಇನ್ನು ಮರಳಿನ ಮೇಲೆ ಹಾರಲಿ. ಗಟ್ಟಿ ನೆಲದ ಮೇಲೆ ಬೇಡ.

ಅವಳಿಗೆ ಹೇಳಲು ಹೆಸರುಗಳು ಬೇಕಿದ್ದರೆ, ಹೆಸರಿನ ಜೊತೆ ಅಳತೆಯನ್ನೂ ಹೇಳಿ. ದೇವೇಂದ್ರ ಜಝಾರಿಯಾ ಎಂಟನೇ ವಯಸ್ಸಿನಲ್ಲಿ ಮರ ಹತ್ತಿದಾಗ ವಿದ್ಯುತ್ ತಂತಿ ತಗುಲಿ ಎಡಗೈ ಕಳೆದುಕೊಂಡರು. ಜಾವೆಲಿನ್‌ನಲ್ಲಿ 2004ರ ಅಥೆನ್ಸ್‌ನಲ್ಲಿ 62.15 ಮೀಟರ್, ಚಿನ್ನ. 2016ರ ರಿಯೊದಲ್ಲಿ 63.97, ಮತ್ತೆ ಚಿನ್ನ. ಟೋಕಿಯೊದಲ್ಲಿ 64.35, ಬೆಳ್ಳಿ. ಆಗ ಅವರಿಗೆ 40 ವರ್ಷ, ಆದರೂ ಮೂರರಲ್ಲಿ ಅದೇ ಅತಿ ದೂರ. ನಮ್ಮ ಕಡೆಯವರೇ ಬೇಕು ಅಂದರೆ ಮೂಡಿಗೆರೆ ತಾಲೂಕಿನ ರಕ್ಷಿತಾ ರಾಜು ಇದ್ದಾರೆ. ಕಣ್ಣು ಕಾಣದ ಅವರು ಏಷ್ಯನ್ ಪ್ಯಾರಾ ಗೇಮ್ಸ್‌ನ 1500 ಮೀಟರ್ ಓಟದಲ್ಲಿ ಜಕಾರ್ತದಲ್ಲೂ ಹಾಂಗ್‌ಝೌನಲ್ಲೂ ಚಿನ್ನ ಗೆದ್ದರು. ಅವರ ವರ್ಗದಲ್ಲಿ ಜೊತೆಗಾರ ಓಟಗಾರ ಕೈಗೆ ಹಗ್ಗ ಕಟ್ಟಿಕೊಂಡು ಪಕ್ಕದಲ್ಲೇ ಓಡುತ್ತಾನೆ, ಆದರೆ ಎಳೆಯುವ ಹಾಗಿಲ್ಲ. ಗೆರೆಯನ್ನು ಅವನು ಮೊದಲು ದಾಟಿದರೆ ಓಟಗಾರ್ತಿಯೇ ಅನರ್ಹ. ಶೇಖರ್ ನಾಯಕ್ ನಮ್ಮ ಜಿಲ್ಲೆಯವರು, ಶಿವಮೊಗ್ಗದ ಶಾರದಾದೇವಿ ಅಂಧರ ವಿಕಾಸ ಕೇಂದ್ರದಲ್ಲಿ ಓದಿದವರು. ಅವರ ನಾಯಕತ್ವದಲ್ಲಿ ಭಾರತ 2012ರಲ್ಲಿ ಅಂಧರ ಟಿ20 ವಿಶ್ವಕಪ್, 2014ರಲ್ಲಿ ಏಕದಿನ ವಿಶ್ವಕಪ್ ಗೆದ್ದಿತು. ಶಿವಮೊಗ್ಗದಲ್ಲಿ ಓದಿದ ಸುಹಾಸ್ ಯತಿರಾಜ್ ಟೋಕಿಯೊದ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ 21-15, 17-21, 15-21ರಲ್ಲಿ ಸೋತು ಬೆಳ್ಳಿ ತಂದರು. ಸೋತ ಅಂಕವನ್ನೂ ಹೇಳಿ. ಮೊದಲ ಗೇಮ್ ಗೆದ್ದಿದ್ದರು ಅನ್ನುವುದು ಅದರಲ್ಲೇ ಇದೆ.

ನಮ್ಮ ಲೇಖನದ ತಪ್ಪನ್ನು ಈ ಸಂಚಿಕೆಯಲ್ಲೇ ಸರಿ ಮಾಡಿದ್ದೇವೆ. ಆ ಓಟಗಾರ್ತಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರ 100 ಮತ್ತು 200 ಮೀಟರ್ ಸಮಯಗಳನ್ನು ಅವರಿಂದಲೇ ಕೇಳಿ ಬರೆದುಕೊಂಡೆ. 12ನೇ ಪುಟದಲ್ಲಿ ಇವೆ. ನಿಮ್ಮ ಮಗಳಿಗೆ ಮೊದಲು ಅದನ್ನು ತೋರಿಸಿ.

ಇದರ ಜೊತೆ ಅಂಚೆಯಲ್ಲಿ 30 ಮೀಟರಿನ ಒಂದು ಟೇಪು ಕಳಿಸಿದ್ದೇನೆ. ಅವಳು ಜಿಗಿಯುವ ಗೆರೆಯ ಕಡೆಯ ತುದಿ ನೀವು ಹಿಡಿಯಿರಿ, ಮರಳಿನ ಕಡೆಯದು ಅವಳ ಅಣ್ಣ ಹಿಡಿಯಲಿ. ಅವಳು ಮರಳಿನಲ್ಲಿ ಮಾಡಿದ ಗುರುತುಗಳಲ್ಲಿ ಗೆರೆಗೆ ಅತಿ ಹತ್ತಿರದ್ದು ಯಾವುದೋ ಅಲ್ಲಿಂದ ಅಳೆಯಬೇಕು. ಕೈ ಊರಿದ ಗುರುತಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಮೊದಲ ಆರು ಅಳತೆಗಳನ್ನು ತಾರೀಖಿನ ಜೊತೆ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ.